ಬಿದ್ದ ಆಲ್ಬಂನ ವಕೀಲರು

ಮಿನಿಯಾಪೊಲಿಸ್‌ನಲ್ಲಿ ನಿಂತು ‘ನಾನು ಪ್ರಿನ್ಸ್‌ನ ಅಭಿಮಾನಿ’ ಎಂದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಊರಿಗೆ ಊರೇ ಅಭಿಮಾನಿ. ಫಸ್ಟ್ ಅವೆನ್ಯೂ ಕ್ಲಬ್ಬಿನ ಹೊರಗೋಡೆಯ ತುಂಬ ಅಲ್ಲಿ ಹಾಡಿಹೋದವರ ಹೆಸರು ಬರೆದ ಬೆಳ್ಳಿ ಬಣ್ಣದ ನಕ್ಷತ್ರಗಳಿವೆ. ಅವನದು ಮಾತ್ರ ಚಿನ್ನದ್ದು. ಅವನ ಸ್ಟುಡಿಯೊ ಪೇಸ್ಲಿ ಪಾರ್ಕ್ ಇರುವ ಚಾನ್‌ಹ್ಯಾಸನ್‌ನಲ್ಲಿ ಹೆದ್ದಾರಿಯ ಒಂದು ತುಂಡಿಗೆ 2023ರಲ್ಲಿ ಅವನ ಹೆಸರಿಟ್ಟು, ನೇರಳೆ ಬಣ್ಣದ ಫಲಕ ನೆಟ್ಟಿದ್ದಾರೆ. ಇಲ್ಲಿ ಐವತ್ತು ದಾಟಿದ ಯಾರನ್ನು ಮಾತಾಡಿಸಿದರೂ ಅವರ ಅತ್ತಿಗೆಯೋ ಭಾವನೋ ಅವನೊಂದಿಗೆ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡಿರುತ್ತಾರೆ. ಅವರೆಲ್ಲ ಹೇಳುವುದನ್ನು ನಂಬಿದರೆ ಆ ತಂಡದಲ್ಲಿ ನಾಲ್ಕು ಸಾವಿರ ಜನ ಇದ್ದರು.

ಇಂಥ ಊರಿನಲ್ಲಿ ‘ಪರ್ಪಲ್ ರೇನ್’ ಇಷ್ಟ ಎನ್ನುವುದು ನೀರು ಇಷ್ಟ ಎಂದಷ್ಟೇ ಸುದ್ದಿ. ಗುಂಪಿನಲ್ಲಿ ಕಳೆದುಹೋಗಲು ಒಪ್ಪದ ಮನುಷ್ಯ ಏನು ಮಾಡಬೇಕು? ಅವನ ಮೂವತ್ತೊಂಬತ್ತು ಚಿಲ್ಲರೆ ಆಲ್ಬಂಗಳಲ್ಲಿ ಯಾರಿಗೂ ಬೇಡವಾದ ಒಂದನ್ನು ಹುಡುಕಿ ಎತ್ತಿಕೊಂಡು, ಅದರ ಪರವಾಗಿ ವಕಾಲತ್ತು ಹಾಕಬೇಕು. ಸಂಬಳವಿಲ್ಲ, ಕಕ್ಷಿದಾರ ಕೇಳಿಲ್ಲ, ನ್ಯಾಯಾಧೀಶರು ಎದ್ದುಹೋಗಿ ಎಷ್ಟೋ ವರ್ಷವಾಗಿದೆ. ಆದರೂ ವಾದ ನಡೆಯುತ್ತಲೇ ಇರುತ್ತದೆ.

ನನಗೆ ಗೊತ್ತಿರುವ ವಕೀಲರು ಇಬ್ಬರು. ಒಬ್ಬರು ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಇನ್ನೊಬ್ಬರು ವಿಮೆಯ ಲೆಕ್ಕಪತ್ರ ನೋಡುವವರು. ಹೆಸರು ಬೇಡ. 1994ರ ‘ಕಮ್’ ಆಲ್ಬಂ ಹಿಡಿದವರು ಕಮ್‌ನವರು, 1996ರ ‘ಕೇಯಾಸ್ ಆಂಡ್ ಡಿಸಾರ್ಡರ್’ ಹಿಡಿದವರು ಕೇಯಾಸ್‌ನವರು. ಮೂವತ್ತು ವರ್ಷದ ಗೆಳೆಯರು. ಹೆಂಡಿರು ಅಕ್ಕತಂಗಿಯರಂತಿದ್ದಾರೆ, ಮಕ್ಕಳು ಒಟ್ಟಿಗೆ ಬೆಳೆದಿದ್ದಾರೆ. ರಾಜಕೀಯದಲ್ಲಿ ಇಬ್ಬರದೂ ಬೇರೆಬೇರೆ ಪಕ್ಷ. ಅದರ ಬಗ್ಗೆ ಒಂದು ದಿನವೂ ದನಿ ಏರಿಸಿದವರಲ್ಲ.

ಜಗಳದ ಹಿನ್ನೆಲೆ ಸ್ವಲ್ಪ ಹೇಳಬೇಕು. ವಾರ್ನರ್ ಬ್ರದರ್ಸ್ ಕಂಪನಿ 1977ರಲ್ಲಿ ಪ್ರಿನ್ಸ್ ಜೊತೆ ಒಪ್ಪಂದ ಮಾಡಿಕೊಂಡಾಗ ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮರುವರ್ಷ ಬಂದ ‘ಫಾರ್ ಯೂ’ ಆಲ್ಬಂನಲ್ಲಿ ವಾದ್ಯಗಳನ್ನೆಲ್ಲ ಒಬ್ಬನೇ ನುಡಿಸಿದ್ದ. 1984ರ ‘ಪರ್ಪಲ್ ರೇನ್’ ಅಮೆರಿಕದ ಪಟ್ಟಿಯ ತುದಿಯಲ್ಲಿ 24 ವಾರ ಕೂತಿತ್ತು. ತೊಂಬತ್ತರ ದಶಕಕ್ಕೆ ಸಂಸಾರ ಕೆಟ್ಟಿತು. ಅವನು ಹಾಡು ಕಟ್ಟಿದ ವೇಗದಲ್ಲೇ ಹೊರಗೆ ಬಿಡಬೇಕೆನ್ನುತ್ತಾನೆ, ಕಂಪನಿ ಮೊದಲಿನದು ಮಾರಿ ಮುಗಿಯಲಿ ತಾಳಪ್ಪ ಎನ್ನುತ್ತದೆ. ಮೂಲ ಧ್ವನಿಮುದ್ರಿಕೆ ಯಾರ ಸ್ವತ್ತು ಎಂಬುದು ಇನ್ನೊಂದು ವ್ಯಾಜ್ಯ. 1993ರ ಜೂನ್ 7ರಂದು, ತನ್ನ 35ನೇ ಹುಟ್ಟುಹಬ್ಬಕ್ಕೆ, ಹೆಸರನ್ನೇ ಬಿಟ್ಟು ಬಾಯಲ್ಲಿ ಹೇಳಲಾಗದ ಒಂದು ಚಿಹ್ನೆಯಾದ. ಪತ್ರಿಕೆಗಳವರು ಅದನ್ನು ಅಚ್ಚು ಹಾಕುವುದು ಹೇಗೆ? ಕಂಪನಿಯೇ ಆ ಚಿಹ್ನೆಯನ್ನು ಫ್ಲಾಪಿ ಡಿಸ್ಕಿನಲ್ಲಿ ತುಂಬಿ ಕಳಿಸಿತು. ಇವನು ಕೆನ್ನೆಯ ಮೇಲೆ ‘ಗುಲಾಮ’ ಎಂಬರ್ಥದ ಇಂಗ್ಲಿಷ್ ಪದ ಬರೆದುಕೊಂಡು ವೇದಿಕೆ ಹತ್ತಿದ.

ಒಪ್ಪಂದ ಮಾತ್ರ ಉಳಿದಿತ್ತು. ಹಾಗಾಗಿ ಹಳೆಯ ಹೆಸರಿನಲ್ಲೇ ‘ಕಮ್’ ಬಂತು. ಕಪ್ಪುಬಿಳುಪು ಮುಖಪುಟ, ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿನ ಗೇಟಿನ ಮುಂದೆ ಅವನು, ಜೊತೆಗೆ 1958–1993 ಎಂಬ ಎರಡು ಇಸವಿ. ಬದುಕಿರುವಾಗಲೇ ತನ್ನ ವೈಕುಂಠ ಸಮಾರಾಧನೆಯ ಕಾರ್ಡನ್ನು ತಾನೇ ಅಚ್ಚು ಹಾಕಿಸಿದಂತಿತ್ತು. ಎರಡು ವರ್ಷದ ಮೇಲೆ ಬಂದ ‘ಕೇಯಾಸ್’ ಇನ್ನೂ ಒರಟು. ಇದು ಸ್ವಂತ ಬಳಕೆಗೆಂದು ಮಾಡಿಟ್ಟದ್ದು, ಕಂಪನಿಗೆ ಕೊಡುತ್ತಿರುವ ಕೊನೆಯ ಹೊಸ ಸರಕು ಎಂಬ ಭಾವದ ಒಂದು ಟಿಪ್ಪಣಿಯನ್ನು ಒಳಗೇ ಸೇರಿಸಿ ಕೊಟ್ಟಿದ್ದ. ನಾಲ್ಕು ತಿಂಗಳು ಕಳೆಯುತ್ತಲೇ ‘ಇಮ್ಯಾನ್ಸಿಪೇಶನ್’ ಎಂದು ಹೆಸರಿಟ್ಟು, ಒಂದೊಂದು ಗಂಟೆಯ ಮೂರು ಸಿಡಿಗಳಲ್ಲಿ 36 ಹಾಡು ಹೊರತಂದ. ಒಳ್ಳೆಯದನ್ನೆಲ್ಲ ಯಾವುದಕ್ಕೆ ಎತ್ತಿಟ್ಟಿದ್ದ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಹೆತ್ತವನೇ ಬಾಗಿಲಾಚೆ ಬಿಟ್ಟ ಈ ಎರಡನ್ನೇ ನಮ್ಮವರು ಮನೆಗೆ ತಂದು ಸಾಕಿದ್ದು.

ವಾದ ಶುರುವಾಗುವುದು ಅಂಕಿಗಳಿಂದ.

“ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿತ್ತು ಕಣೋ!” ಎನ್ನುತ್ತಾರೆ ಕಮ್‌ನವರು.

“ಅಮೆರಿಕದಲ್ಲಿ ಎಷ್ಟು, ಅದು ಹೇಳು.”

“ಹದಿನೈದು.”

“ನಮ್ಮದು ಇಪ್ಪತ್ತಾರು!” ಎಂದು ಕೇಯಾಸ್‌ನವರು ಎದೆಯುಬ್ಬಿಸುತ್ತಾರೆ.

ಈ ನ್ಯಾಯಾಲಯದಲ್ಲಿ ಕೆಳಗೆ ಬಿದ್ದಷ್ಟೂ ಘನತೆ. ಹದಿನೈದನೆಯ ಸ್ಥಾನ ಎಂದರೆ ಇನ್ನೂ ಯಾರೋ ಒಂದಷ್ಟು ಜನ ಕೊಂಡಿದ್ದರು ಎಂದಾಯಿತು, ಅಷ್ಟರಮಟ್ಟಿಗೆ ಮೈಲಿಗೆ. ಇಪ್ಪತ್ತಾರು ಮಡಿ. ಬ್ರಿಟನ್ನಿನ ಮೊದಲ ಸ್ಥಾನವನ್ನು ಕಮ್‌ನವರು ಬಾಯಿತಪ್ಪಿ ಹೇಳಿದ್ದು ಅವರ ಕೇಸಿಗೇ ಮುಳುವು. ಅದನ್ನು ಎದುರಾಳಿ ಪ್ರತಿಸಲವೂ ನೆನಪಿಸುತ್ತಾರೆ.

ಆಮೇಲೆ ಕೇಳುವ ವಿಧಾನ. ‘ನನಗೇನೂ ಹಿಡಿಸಲಿಲ್ಲ’ ಎಂದು ನೀವು ಹೇಳಿ ನೋಡಿ. ವಕೀಲರಿಗೆ ಕೋಪ ಬರುವುದಿಲ್ಲ, ಕರುಣೆ ಬರುತ್ತದೆ. “ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದೀರಾ?” ಹಾಕಿಕೊಂಡಿದ್ದೆ ಎಂದಿರೋ, ರಾತ್ರಿ ಕೇಳಬೇಕಿತ್ತು. ರಾತ್ರಿಯೇ ಕೇಳಿದ್ದೆ ಎಂದರೆ, ಒಂದೇ ಸಲ ಕೇಳಿದರೆ ಬಿಟ್ಟುಕೊಡುವ ಆಲ್ಬಂ ಅಲ್ಲ ಅದು. ಕಮ್‌ನವರ ಪ್ರಕಾರ ಅವರದನ್ನು ಜನವರಿಯಲ್ಲಿ, ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವಾಗ, ದೀಪ ಆರಿಸಿ, ಮೂರನೆಯ ಸಲ ಕೇಳಬೇಕು. ಇಷ್ಟು ವ್ರತ ಹಿಡಿದು ಕೂತರೆ ಫ್ರಿಜ್ಜಿನ ಗುಂಯ್‌ಗುಡುವಿಕೆಯಲ್ಲೂ ಶ್ರುತಿ ಸಿಗುತ್ತದೆ ಎಂದು ನನ್ನ ಅನುಮಾನ.

ಮೂರನೆಯದು ತಿದ್ದುಪಡಿ. ಕಮ್‌ನವರ ಹತ್ತಿರ ‘ಕಮ್’ ಆಲ್ಬಂ ‘ಇರಬೇಕಿದ್ದ ಹಾಗೆ’ ಇದೆ. ಮೊದಲ ಕರಡಿನಲ್ಲಿದ್ದು ಆಮೇಲೆ ಬಿಟ್ಟುಹೋದ ‘ಎಂಡಾರ್ಫಿನ್‌ಮಷೀನ್’ ಹಾಡನ್ನು ಒಳಗೆ ಸೇರಿಸಿ, ‘ಲೂಸ್’ ತೆಗೆದು, ಕೊನೆಯದನ್ನು ಕೈಬಿಟ್ಟು, ಕ್ರಮ ಬದಲಿಸಿದ್ದಾರೆ. ಅದನ್ನು ಕೇಳಿಸಿ “ಈಗ ಹೇಳಿ, ‘ಕಮ್’ ಕೆಟ್ಟ ಆಲ್ಬಮ್ಮಾ?” ಎನ್ನುತ್ತಾರೆ. ಕೇಯಾಸ್‌ನವರು ಇಂಥದಕ್ಕೆ ಕೈಹಾಕುವವರಲ್ಲ. ಅವರದು ನಲವತ್ತು ನಿಮಿಷವನ್ನೂ ಮುಟ್ಟದ ಆಲ್ಬಂ. ಏನನ್ನಾದರೂ ತೆಗೆದರೆ ಉಳಿಯುವುದೇ ಕಷ್ಟ.

ಕಮ್‌ನ ಆ ಕೊನೆಯ ಹಾಡಿನ ಹೆಸರನ್ನು ಕುಟುಂಬ ಓದುವ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಹಾಡು ಎನ್ನುವುದೂ ತಪ್ಪೇ. ಗಿಟಾರಿನ ಕಿರಿಚಾಟ, ಒಬ್ಬ ಹೆಂಗಸಿನ ಉಸಿರು. ಒಂಬತ್ತನೆಯ ಹಾಡು ‘ಲೆಟಿಟ್‌ಗೋ’ ಮುಗಿಯುತ್ತ ಬಂದಂತೆ ಕಮ್‌ನವರ ಬೆರಳು ತಾನಾಗಿ ಗುಂಡಿಯ ಕಡೆ ಹೋಗುತ್ತದೆ. ಒಮ್ಮೆ ಕಾರಿನಲ್ಲಿ ಅತ್ತೆಯವರನ್ನು ಕೂರಿಸಿಕೊಂಡು ಹೋಗುತ್ತಿದ್ದಾಗ ಸಿಗ್ನಲ್ ಹಸಿರಾಗಿ ಎರಡೂ ಕೈ ಸ್ಟೀರಿಂಗಿನಲ್ಲೇ ಇದ್ದವಂತೆ. ಅತ್ತೆಯವರು ಆಮೇಲಿಂದ ಬಸ್ಸಿನಲ್ಲೇ ಓಡಾಡುತ್ತಾರೆ.

ಸಂಗೀತದ ಮಾತಿಗೆ ಬಂದರೆ ಇಬ್ಬರೂ ಹೇಳುವುದರಲ್ಲಿ ಹುರುಳಿಲ್ಲದೆ ಇಲ್ಲ, ಅದೇ ತೊಂದರೆ. ಫಂಕ್ ಎಂದರೆ ನಾಲ್ಕು ಎಣಿಕೆಯಲ್ಲಿ ಮೊದಲನೆಯದರ ಮೇಲೆ ಭಾರ ಹಾಕಿ ನಿಲ್ಲುವ ಸಂಗೀತ; ಜೇಮ್ಸ್ ಬ್ರೌನ್ ತನ್ನ ವಾದ್ಯದವರಿಗೆ ಕಲಿಸಿದ ಪಾಠವೇ ಆ ‘ಒಂದು’. ನಮ್ಮ ತಬಲದವರಾದರೆ ಸಮ ಎನ್ನುತ್ತಾರೆ. ಕಮ್‌ನ ಶೀರ್ಷಿಕೆ ಹಾಡಿನಲ್ಲಿ ತುತ್ತೂರಿ ಬಳಗ ಆ ‘ಒಂದ’ರ ಸುತ್ತ ಅವಸರವಿಲ್ಲದೆ ಸುಳಿದಾಡುತ್ತದೆ, ಕೇಳುತ್ತ ಕೂತರೆ ಕಾಲು ಸುಮ್ಮನಿರದು. ಮಧ್ಯದಲ್ಲಿ ‘ಪಾಪಾ’ ಬರುತ್ತದೆ. ಪ್ರಣಯದ ಗುಂಗಿನಲ್ಲಿದ್ದವನ ಮುಂದೆ ತಂದೆಯಿಂದ ಏಟು ತಿಂದ ಮಗುವನ್ನು ತಂದು ನಿಲ್ಲಿಸುವ ಆ ಎದೆಗಾರಿಕೆ ಅವನ ಹೆಸರಾದ ಆಲ್ಬಂಗಳಲ್ಲೂ ಅಪರೂಪ. ‘ಸೋಲೋ’ ಹಾಡಿಗೆ ಪದ ಕೊಟ್ಟವರು ನಾಟಕಕಾರ ಡೇವಿಡ್ ಹೆನ್ರಿ ಹ್ವಾಂಗ್. ಕಮ್‌ನವರು ಇದನ್ನು ಹೇಳುವಾಗ ಹ್ವಾಂಗ್ ತಮ್ಮ ಸೋದರಮಾವನೆಂಬ ದನಿಯಿರುತ್ತದೆ.

ಕೇಯಾಸ್‌ನಲ್ಲಿ ಫಂಕ್ ಕಡಿಮೆ, ಗಿಟಾರ್ ಹೆಚ್ಚು. “ರಾಕ್ ಅದು, ಫಂಕ್ ಎಲ್ಲಿದೆ?” ಎಂದು ಕಮ್‌ನವರು ಆಕ್ಷೇಪಣೆ ಎತ್ತಿದರೆ, “ಸಿಟ್ಟು ಬಂದವನು ನೆಟ್ಟಗೆ ಬಯ್ಯುತ್ತಾನೆ, ತಾಳ ಹಾಕಿಕೊಂಡು ಬಯ್ಯೋದಿಲ್ಲ” ಎಂಬುದು ಉತ್ತರ. ಕೊನೆಯ ಹಾಡು ‘ಹ್ಯಾಡ್ ಯೂ’ ಎರಡು ನಿಮಿಷವೂ ಇಲ್ಲ. ಕಂಪನಿಯಲ್ಲಿ ಅವನ ಮೊಟ್ಟಮೊದಲ ಆಲ್ಬಂ ಶುರುವಾಗಿದ್ದು ‘ಫಾರ್ ಯೂ’ ಎಂಬ ಹಾಡಿನಿಂದ; ಹದಿನೆಂಟು ವರ್ಷದ ಮೇಲೆ ಹೀಗೆ ಮುಗಿಸಿದ. ಕೇಯಾಸ್‌ನವರ ಇಡೀ ಕೇಸು ನಿಂತಿರುವುದು ಈ ಒಂದು ಸಾಕ್ಷ್ಯದ ಮೇಲೆ. ಸಾಕ್ಷ್ಯ ಗಟ್ಟಿಯೇ. ಆದರೆ ಅದನ್ನು ತಲುಪಲು ಹತ್ತು ಹಾಡು ದಾಟಬೇಕು, ಅವುಗಳಲ್ಲಿ ಮೂರ್ನಾಲ್ಕು ದಾಟುವಾಗ ಗಡಿಯಾರ ನೋಡುವ ಹಾಗಾಗುತ್ತದೆ. ನನ್ನ ಮತ ಕಮ್‌ಗೆ. ಕೇಯಾಸ್‌ನವರ ಮನೆಯಲ್ಲಿ ಊಟ ಮಾಡುವ ದಿನ ಮಾತ್ರ ನಾನು ತಟಸ್ಥ.

ಪೇಸ್ಲಿ ಪಾರ್ಕ್ ಈಗ ಮ್ಯೂಸಿಯಂ. ಒಳಗೆ ಹೋಗುವವರ ಫೋನನ್ನು ಒಂದು ಚೀಲದಲ್ಲಿ ಹಾಕಿ ಬೀಗ ಜಡಿದು ಅವರ ಕೈಗೇ ಕೊಡುತ್ತಾರೆ. ತೆರೆಯುವುದು ಹೊರಗೆ ಬರುವಾಗ. ಇದು ಪ್ರಿನ್ಸ್‌ನ ಸ್ವಭಾವಕ್ಕೆ ಒಪ್ಪುವ ನಿಯಮವಾದರೂ ಇವರಿಬ್ಬರಿಗೆ ನರಕ. ಅವನು ನುಡಿಸಿದ ಗಿಟಾರುಗಳು ಗಾಜಿನ ಹಿಂದಿವೆ, ಅವನು ತೊಟ್ಟ ಎತ್ತರದ ಹಿಮ್ಮಡಿಯ ಬೂಟುಗಳ ಸಾಲೇ ಇದೆ. ಇವರ ಕಣ್ಣು ಅತ್ತ ಇಲ್ಲ. ಕಮ್‌ನ ಶೀರ್ಷಿಕೆ ಹಾಡು ಎಷ್ಟು ಉದ್ದ ಎಂಬ ಪ್ರಶ್ನೆ ಎದ್ದುಬಿಟ್ಟಿದೆ. ಹನ್ನೊಂದು ನಿಮಿಷ ಎಂದು ಇವರು, ಹದಿನೈದಾದರೂ ಇದೆ ಎಂದು ಅವರು, ಸ್ಟುಡಿಯೊದಿಂದ ಸ್ಟುಡಿಯೊಗೆ ಪಿಸುದನಿಯಲ್ಲೇ ಕಚ್ಚಾಡುತ್ತ, ಬೀಗದ ಚೀಲವನ್ನು ಹಿಸುಕುತ್ತ ನಡೆದರು. ಹೊರಗೆ ಬಂದು ಚೀಲ ತೆರೆದ ಮೇಲೆ ನೋಡಿದರೆ ಹನ್ನೊಂದು ನಿಮಿಷ, ಮೇಲೊಂದಿಷ್ಟು ಸೆಕೆಂಡು. ಕಮ್‌ನವರು ಗೆದ್ದ ನಗೆ ನಕ್ಕರು.

“ನನಗೆ ಹದಿನೈದು ಅನ್ನಿಸುತ್ತೆ. ಅದೇ ಅದರ ದೋಷ” ಎಂದರು ಕೇಯಾಸ್‌ನವರು.

2016ರ ಏಪ್ರಿಲ್ 21ರಂದು ಪ್ರಿನ್ಸ್ ಅದೇ ಕಟ್ಟಡದೊಳಗೆ ತೀರಿಕೊಂಡ, 57ನೇ ವಯಸ್ಸಿನಲ್ಲಿ. ಅಲ್ಲಿಂದಾಚೆ ಕಮ್‌ನವರು ಆ ಎರಡು ಇಸವಿಯ ಮುಖಪುಟವನ್ನು ತೋರಿಸಿ ನಗುವುದನ್ನು ಬಿಟ್ಟರು. ಕೇಯಾಸ್‌ನವರೂ ಅದರ ಸುದ್ದಿ ಎತ್ತಲಿಲ್ಲ. ಆ ಬೇಸಿಗೆಯುದ್ದಕ್ಕೂ ಇಬ್ಬರೂ ‘ಪರ್ಪಲ್ ರೇನ್’ ಕೇಳಿದರು, ಊರಿನ ಎಲ್ಲರ ಹಾಗೆ, ನಾಚಿಕೆಯಿಲ್ಲದೆ.

ವಕೀಲರಿಗೆ ಸೋಲಿಗಿಂತ ಗೆಲುವು ಕಷ್ಟ. 2019ರಲ್ಲಿ ಸೋನಿಯ ಲೆಗಸಿ ಸಂಸ್ಥೆ ‘ಕೇಯಾಸ್’ ಆಲ್ಬಂ ಅನ್ನು ನೇರಳೆ ಬಣ್ಣದ ವಿನೈಲ್ ತಟ್ಟೆಯಲ್ಲಿ ಮತ್ತೆ ಹೊರತಂದಿತು. ಅಭಿನಂದಿಸಲು ಹೋದೆ. ಮನೆಯಲ್ಲಿ ಸೂತಕದ ಕಳೆ. “ಈಗ ಯಾರು ಬೇಕಾದರೂ ಕೊಳ್ಳಬಹುದು” ಎಂದರು. ಅವರ ಅಣ್ಣನ ಮಗಳು, ಇಪ್ಪತ್ತರ ಹುಡುಗಿ, ತಟ್ಟೆ ಕೊಂಡು ತಂದು, ‘ದಿ ಸೇಮ್ ಡಿಸೆಂಬರ್’ ಹಾಡು ಎಷ್ಟು ಚೆನ್ನಾಗಿದೆ ಚಿಕ್ಕಪ್ಪ ಎಂದು ಫೋನ್ ಮಾಡಿದ್ದಳಂತೆ. ಯಾವ ವ್ರತವೂ ಇಲ್ಲದೆ, ಮೊದಲ ಸಲಕ್ಕೇ, ಪಾತ್ರೆ ತೊಳೆಯುತ್ತ ಕೇಳಿದ್ದಳು! “ಅಷ್ಟು ಸುಲಭವಾಗಿ ಇಷ್ಟವಾಗುವಂಥದ್ದಲ್ಲ ಅದು” ಎಂದು ಅವಳಿಗೆ ಬುದ್ಧಿ ಹೇಳಿದರಂತೆ.

ಎಲೆಕ್ಟ್ರಿಕ್ ಫೀಟಸ್ ಎಂಬ ವಿಚಿತ್ರ ಹೆಸರಿನ ಹಳೆಯ ರೆಕಾರ್ಡ್ ಅಂಗಡಿ ಇಲ್ಲಿದೆ, 1968ರದು. ಸಾಯುವ ಐದು ದಿನ ಮೊದಲು, ರೆಕಾರ್ಡ್ ಸ್ಟೋರ್ ಡೇ ದಿನ, ಪ್ರಿನ್ಸ್ ಇಲ್ಲಿಗೆ ಬಂದು ಸ್ಟೀವಿ ವಂಡರ್, ಜೋನಿ ಮಿಚೆಲ್, ಸಂಟಾನಾ ಇವರ ಸಿಡಿಗಳನ್ನು ಕೊಂಡೊಯ್ದಿದ್ದ. ಪ್ರತಿ ಏಪ್ರಿಲ್ಲಿನಲ್ಲಿ ಅದೇ ದಿನ ನಮ್ಮವರಿಬ್ಬರೂ ಅಲ್ಲಿಗೆ ಹೋಗಿ ‘ಪಿ’ ಅಕ್ಷರದ ಸಾಲಿನ ಮುಂದೆ ನಿಲ್ಲುತ್ತಾರೆ. ಕೊಳ್ಳುವುದೇನಿಲ್ಲ, ಎಲ್ಲ ಮನೆಯಲ್ಲಿದೆ. ತಮ್ಮ ಆಲ್ಬಂ ಅನ್ನು ಸಾಲಿನ ಮುಂದಕ್ಕೆ ಇಟ್ಟು, ಇನ್ನೊಬ್ಬರದನ್ನು ಹಿಂದಕ್ಕೆ ತಳ್ಳುವುದು, ಅಷ್ಟೇ.

ಈ ಸಲ ಅಲ್ಲಿ ಮೂರನೆಯವನೊಬ್ಬನಿದ್ದ. ಉಣ್ಣೆಯ ಟೊಪ್ಪಿಗೆ, ಕುರುಚಲು ಗಡ್ಡ. ಕೈಯಲ್ಲಿ ‘ದಿ ವಾಲ್ಟ್’ ಇತ್ತು. ಪ್ರಿನ್ಸ್ ಮನೆ ಬಿಟ್ಟುಹೋದ ಎಷ್ಟೋ ದಿನಕ್ಕೆ, 1999ರಲ್ಲಿ, ವಾರ್ನರ್ ಕಂಪನಿ ತನ್ನ ಬಳಿ ಉಳಿದದ್ದನ್ನು ಹೊರತಂದ ಆಲ್ಬಂ.

“ಇದನ್ನು ಯಾರೂ ಸರಿಯಾಗಿ ಕೇಳಿಯೇ ಇಲ್ಲ, ಸರ್” ಎಂದ, ತಾನಾಗಿಯೇ.

ಕಮ್‌ನವರೂ ಕೇಯಾಸ್‌ನವರೂ ಮುಖ ಮುಖ ನೋಡಿಕೊಂಡು ಒಟ್ಟಿಗೆ ನಕ್ಕರು. ಅವರಿಬ್ಬರೂ ಒಂದೇ ಕಾರಣಕ್ಕೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಅಯ್ಯೋ ಮಾರಾಯ, ಅದು ಒಪ್ಪಂದದ ಬಾಕಿಗೆ ಕೊಟ್ಟ ಅಳಿದುಳಿದದ್ದು” ಎಂದರು ಕಮ್‌ನವರು.

“ಸ್ವಂತ ಬಳಕೆಗೆ ಮಾಡಿಟ್ಟದ್ದು ಅಂತ ಒಳಗೇ ಬರೆದಿದೆ, ಓದಿಲ್ವಾ?” ಎಂದರು ಕೇಯಾಸ್‌ನವರು, ಸ್ವಲ್ಪವೂ ಅಳುಕದೆ.

ಹುಡುಗನಿಗೆ ಕೋಪ ಬರಲಿಲ್ಲ. ಇಬ್ಬರನ್ನೂ ಕನಿಕರದಿಂದ ನೋಡಿದ.

“ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ದೀರಾ?”

ಕಮ್‌ನವರು ಜೇಬಿನಿಂದ ಕನ್ನಡಕ ತೆಗೆದು, ಅವನ ಕೈಯಲ್ಲಿದ್ದ ಸಿಡಿಯನ್ನು ಇಸಿದುಕೊಂಡು, ಹಿಂದೆ ಅಂಟಿಸಿದ್ದ ಬೆಲೆ ಚೀಟಿ ನೋಡಿದರು.