ರೇಟಪ್ಪನ ಸಿಟ್ಟು ಮತ್ತು ಅಟ್ಟದ ಮೇಲಿನ ಕಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಒಬ್ಬ ರೇಟಪ್ಪ ಸಿಕ್ಕೇ ಸಿಗುತ್ತಾನೆ. ಮತದಾರರ ಪಟ್ಟಿಯಲ್ಲಿ ಅವನ ಹೆಸರು ಬೇರೆ ಇರಬಹುದು. ಸ್ವಭಾವಕ್ಕೆ ಒಪ್ಪುವ ಹೆಸರು ಮಾತ್ರ ಇದೇ. ವಯಸ್ಸು ಐವತ್ತು ದಾಟಿದೆ, ಮೂರ್ನಾಲ್ಕು ಎಕರೆ ತೆಂಗಿನ ತೋಟವಿದೆ, ಅಟ್ಟದ ಮೇಲೆ ಕೆಲವು ಸಾವಿರ ಕಾಯಿಯಿದೆ, ಅಂಗಿಯ ಜೇಬಿನಲ್ಲಿ ಮೊಬೈಲಿದೆ. ತಿಪಟೂರು ಎಪಿಎಂಸಿಯಲ್ಲಿ ಟೆಂಡರ್ ಮುಗಿದು ಉಂಡೆ ಕೊಬ್ಬರಿಯ ದರ ಹೊರಬಿದ್ದ ಕೂಡಲೇ ಆ ಮೊಬೈಲು ಕುಂಯ್ ಎನ್ನುತ್ತದೆ. ಸಂದೇಶವನ್ನು ಅವನು ಓದಿದನೇ, ಓದಿದ್ದರೆ ದರ ಏರಿದೆಯೇ ಇಳಿದಿದೆಯೇ ಎಂಬುದನ್ನು ಮನೆಯವರು ಮೊಬೈಲು ಮುಟ್ಟದೆಯೇ ಹೇಳಬಲ್ಲರು. ಅವನು ಚಪ್ಪಲಿ ಬಿಡುವ ಸದ್ದೇ ಸಾಕು. ಕ್ವಿಂಟಲಿಗೆ 200 ರೂಪಾಯಿ ಇಳಿದ ದಿನ ಸಾರಿಗೆ ಉಪ್ಪು ಹೆಚ್ಚಾಗಿರುತ್ತದೆ, ಮುದ್ದೆಯಲ್ಲಿ ಗಂಟಿರುತ್ತದೆ, ಮಗನ ಪ್ಯಾಂಟು ಮಂಡಿಯ ಹತ್ತಿರ ಹರಿದಿರುತ್ತದೆ, ಪಕ್ಕದ ಮನೆಯ ಕರು ಇವನ ಹುಲ್ಲಿಗೆ ಬಾಯಿ ಹಾಕಿರುತ್ತದೆ. ಇವೆಲ್ಲ ನಿನ್ನೆಯೂ ಇದ್ದವು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ರೇಟಪ್ಪನನ್ನು ಕೇಳಿದರೆ ಅವನ ವಾದ ನೇರವಾಗಿದೆ: 'ರೇಟ್ ಸರಿಯಾಗಿದ್ರೆ ನಾನ್ಯಾಕ್ ಸಿಟ್ ಮಾಡ್ಕೊಳ್ಲಿ?' ಈ ವಾದವನ್ನು ಪರೀಕ್ಷಿಸುವ ಅವಕಾಶವನ್ನು ಮಾರುಕಟ್ಟೆಯೇ ಒದಗಿಸಿಕೊಟ್ಟಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯ ದರ ಮಾತ್ರ 8,000ದ ಆಸುಪಾಸಿಗೆ ಕುಸಿದಿತ್ತು. ಆಗ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. 2025ರಲ್ಲಿ ಬೆಂಬಲ ಬೆಲೆ 12,100 ಇದ್ದರೆ, ಮಾರುಕಟ್ಟೆಯ ದರ ಅದನ್ನು ಹಾದು, 20,000 ಹಾದು, 25,000ವನ್ನೂ ದಾಟಿ ಹೋಯಿತು. ವಾದ ನಿಜವಾಗಿದ್ದರೆ ಆ ವರ್ಷ ಮೂರೂ ತಾಲ್ಲೂಕುಗಳಲ್ಲಿ ಎತ್ತರದ ದನಿಯೇ ಕೇಳಬಾರದಿತ್ತು. ಆದರೆ 15,000 ಇದ್ದಾಗಲೇ ಮಾರಿಕೊಂಡ ರೇಟಪ್ಪ 'ಕೊಟ್ಬಿಡಿ ಅಂದೋಳು ನೀನೇ ಕಣೇ' ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಮಾರದೆ ಇಟ್ಟುಕೊಂಡ ರೇಟಪ್ಪ ರಾತ್ರಿ ತೋಟಕ್ಕೆ ಕಳ್ಳರು ಬಂದಾರೆಂದು ನಿದ್ದೆಗೆಟ್ಟು, ಬೊಗಳಿದ್ದಕ್ಕೂ ಬೊಗಳದ್ದಕ್ಕೂ ನಾಯಿಯನ್ನೇ ಬೈದ. ಕಪ್ಪುತಲೆ ಹುಳು ಗರಿ ತಿಂದು ಇಳುವರಿ ಕಳೆದುಕೊಂಡ ರೇಟಪ್ಪನಿಗೆ, ಕಾಯಿ ಇದ್ದಾಗ ರೇಟಿಲ್ಲ, ರೇಟಿದ್ದಾಗ ಕಾಯಿಲ್ಲ ಎಂಬ ಸಂಕಟ. ಅವನು ಮರವನ್ನೇ ಬೈದ. ದರ ಮೂರು ಪಟ್ಟಾದರೂ ಸಿಟ್ಟಿನ ಇಳುವರಿ ಕಡಿಮೆಯಾಗಲಿಲ್ಲವೆಂದರೆ, ದರ ಅವನ ಸಿಟ್ಟಿಗೆ ನೆಪವೇ ಹೊರತು ಪೂರ್ತಿ ಕಾರಣವಲ್ಲವೆಂದು ಒಪ್ಪಬೇಕಾಗುತ್ತದೆ.

ಅವನ ಎರಡನೆಯ ಸಮರ್ಥನೆ ಇನ್ನೂ ಹಳೆಯದು: 'ಸಿಟ್ ಬಂದ್ರೆ ನಾನು ನನ್ ಕೈಲಿರಲ್ಲ.' ಇದನ್ನು ನಂಬುವ ಮೊದಲು, ಕಾಯಿ ಕೀಳುವವನ ಎದುರು ರೇಟಪ್ಪನನ್ನು ನೋಡಬೇಕು. ಸೋಮವಾರ ಬರುತ್ತೇನೆಂದವನು ಗುರುವಾರ ಹತ್ತು ಗಂಟೆಗೆ ಬಂದು, ಬಂದವನು ಬೀಡಿ ಹಚ್ಚಿ ಕೂತರೂ ರೇಟಪ್ಪನ ಮುಖದಲ್ಲಿ ನಗೆ ಮಾಸುವುದಿಲ್ಲ. 'ಬಾರಪ್ಪ, ಬಿಸಿಲಲ್ಲಿ ಬಂದಿದೀಯ, ಮೊದ್ಲು ಕಾಫಿ ಕುಡಿ' ಎನ್ನುತ್ತಾನೆ. ಮರ ಹತ್ತುವವರು ಸಿಗುವುದು ಕಷ್ಟ, ಇವನು ಮುನಿದರೆ ಪಕ್ಕದ ತೋಟದವರು ಕರೆದುಕೊಂಡು ಹೋಗುತ್ತಾರೆ ಎಂಬ ಲೆಕ್ಕ ಆ ಕ್ಷಣದಲ್ಲಿ ಅವನ ತಲೆಯಲ್ಲಿ ಸ್ಪಷ್ಟವಾಗಿದೆ. ಮಂಡಿಯಲ್ಲಿ ತೂಕ ತುಸು ಅತ್ತಿತ್ತಾದರೂ, ಮುಂಗಡ ತಂದ ಋಣವಿರುವುದರಿಂದ, 'ಆಗ್ಲಿ ಬಿಡಿ ಸಾಹುಕಾರ್ರೇ' ಎಂದು ಹಲ್ಲು ಕಿರಿಯುತ್ತಾನೆ. ಬ್ಯಾಂಕಿನ ಮ್ಯಾನೇಜರರು ನಾಳೆ ಬಾ ಎಂದರೆ ಕೈಮುಗಿದು ಮೆಟ್ಟಿಲಿಳಿಯುತ್ತಾನೆ. ಅದೇ ದಿನ ಸಂಜೆ ಹೆಂಡತಿ, 'ರೀ, ಗ್ಯಾಸ್ ಮುಗ್ದಿದೆ' ಎಂದರೆ ಮಾತ್ರ ಅವನು ಅವನ ಕೈಲಿರುವುದಿಲ್ಲ. ಕೈ ತಪ್ಪಿ ಹೋಗುವ ಸಿಟ್ಟು ಬೆಳಗಿನಿಂದ ಸಂಜೆಯವರೆಗೆ ಎಷ್ಟು ಜಾಣತನದಿಂದ ಆಳು ನೋಡಿ, ಅಂತಸ್ತು ನೋಡಿ, ತಿರುಗಿಬೀಳದವರನ್ನು ಆರಿಸಿಕೊಂಡು ತಪ್ಪುತ್ತದೆ! ತಡೆಯುವ ಶಕ್ತಿ ಅವನಲ್ಲಿದೆ. ಅದನ್ನು ಹೊಸಿಲಾಚೆಗೆ ಮಾತ್ರ ಖರ್ಚು ಮಾಡುತ್ತಾನೆ.

ಇನ್ನೂ ಗಟ್ಟಿಯಾದ ಸಾಕ್ಷಿ ನಾಟಕದ್ದು. ತುಮಕೂರು ಜಿಲ್ಲೆಯಲ್ಲಿ ಹಬ್ಬ ಜಾತ್ರೆಗಳಿಗೆ ಊರವರೇ ಬಣ್ಣ ಹಚ್ಚಿ 'ಕುರುಕ್ಷೇತ್ರ' ಆಡುವುದು ಈಗಲೂ ನಿಂತಿಲ್ಲ. ರೇಟಪ್ಪ ದುರ್ಯೋಧನನ ಪಾತ್ರ ಹಿಡಿದಿದ್ದರೆ ಅವನ ರೌದ್ರವನ್ನು ನೋಡಬೇಕು: ಹಾರ್ಮೋನಿಯಂ ಮಾಸ್ತರು ಶ್ರುತಿ ಕೊಟ್ಟಾಗ ಏರುತ್ತದೆ, ಗದೆ ತಿರುಗಿಸುವಾಗ ಪಕ್ಕದವನ ಕಿರೀಟಕ್ಕೆ ತಗಲದ ಹಾಗೆ ತಿರುಗುತ್ತದೆ, ಮುಂದಿನ ಸಾಲಿನಿಂದ 'ಒನ್ಸ್ ಮೋರ್' ಬಂದರೆ ಅರ್ಧಕ್ಕೆ ನಿಂತು, ನಮಸ್ಕಾರ ಮಾಡಿ, ಮೊದಲಿಂದ ಶುರುವಾಗುತ್ತದೆ. ಸಿಟ್ಟಿನ ಜೊತೆಗೇ ಸಿಟ್ಟನ್ನು ಗಮನಿಸುವ ಇನ್ನೊಬ್ಬನೂ ಅವನೊಳಗೆ ಇದ್ದಾನೆಂದಾಯಿತು. ಈ ಇಬ್ಬರ ಸಂಬಂಧವನ್ನು ತಿಳಿಯಲು ದೂರ ಹೋಗಬೇಕಾದ್ದಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ರಸವಿಚಾರವನ್ನು ಕನ್ನಡಿಗರಿಗೆ ಬಿಡಿಸಿಟ್ಟಿದ್ದಾರೆ. ನಾಟ್ಯಶಾಸ್ತ್ರದ ಭರತನ ಪಟ್ಟಿಯಲ್ಲಿ ನೆಲೆನಿಂತ ಸ್ಥಾಯಿಭಾವಗಳು 8, ಬಂದುಹೋಗುವ ವ್ಯಭಿಚಾರಿಭಾವಗಳು 33. ಅಮರ್ಷ, ಉಗ್ರತೆ, ಆವೇಗ, ಚಪಲತೆ, ಗರ್ವ, ವಿಷಾದ ಇವೆಲ್ಲ ಬಂದುಹೋಗುವ ಗುಂಪಿನವು. ರೇಟಪ್ಪ ಒಂದೇ ಊಟದಲ್ಲಿ ಈ ಆರನ್ನೂ ಮುಗಿಸಿ ಕೈ ತೊಳೆಯುತ್ತಾನೆ. ಎರಡು ನಿಮಿಷ ಇದ್ದು ಹೋಗಬೇಕಾದ ಆವೇಗಕ್ಕೆ ಹಾಸಿಗೆ ಹಾಸಿ, ರಾತ್ರಿ ಉಳಿಸಿಕೊಂಡು, ಬೆಳಿಗ್ಗೆ ತಿಂಡಿಯನ್ನೂ ಕೊಟ್ಟು ಕಳಿಸುವುದೇ ಅವನ ತಪ್ಪು. ಬೆವರು, ನಡುಕ, ದನಿ ಒಡೆಯುವುದು, ಮುಖದ ಬಣ್ಣ ಮಾರುವುದು ಇವನ್ನೂ ಅದೇ ಶಾಸ್ತ್ರ ಸಾತ್ತ್ವಿಕಭಾವಗಳೆಂದು ಎಣಿಸಿದೆ. ಅವನ ಮೈಮೇಲೆ ಇವು ಮೂಡಿದ್ದು ಎದುರಿಗಿದ್ದವರಿಗೆಲ್ಲ ಕಾಣುತ್ತದೆ, ಅವನಿಗೊಬ್ಬನಿಗೆ ಕಾಣುವುದಿಲ್ಲ.

ಹಾಗಾದರೆ ಕಾಣುವ ಬಗೆ ಹೇಗೆ? ಇಲ್ಲಿಯೇ ರೇಟಪ್ಪ ತನ್ನ ಕಸುಬಿನಿಂದ ಕಲಿಯಬೇಕಾದದ್ದಿದೆ. ಉಂಡೆ ಕೊಬ್ಬರಿ ಒಂದು ದಿನದ ಮಾಲಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ, ಸುಮ್ಮನೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ತಾನಾಗಿ ಬಿಡಬೇಕು. ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ, ಹಸಿಯಾಗಿದ್ದರೆ ಬೂಷ್ಟು ಹಿಡಿಯುತ್ತದೆ, ಮಂಡಿಯಲ್ಲಿ ಯಾರೂ ಮೂಸುವುದಿಲ್ಲ. ಹದವಾಯಿತೋ ಇಲ್ಲವೋ ಎಂದು ತಿಳಿಯಲು ಅವನು ಕಾಯನ್ನು ಒಡೆಯುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ನೀರಿನ ಸದ್ದಿದ್ದರೆ ಮತ್ತೆ ಅಟ್ಟಕ್ಕೆ. ಗಿಟುಕು ಗಡಗಡ ಎಂದರೆ ಮಾತ್ರ ಕೆಳಕ್ಕೆ. ನಾಲಿಗೆಯ ತುದಿಗೆ ಬಂದ ಮಾತಿಗೂ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಹತ್ತು ತಿಂಗಳು ಕಾಯಬಲ್ಲವನಿಗೆ ಹತ್ತು ಉಸಿರು ಕಾಯುವುದು ಹೊರೆಯಾಗಲಾರದು. ಮಾತನ್ನು ಹೊರಗೆ ಎಸೆಯುವ ಮುಂಚೆ ಒಮ್ಮೆ ಅಲ್ಲಾಡಿಸಿ, ಒಳಗೆ ಇನ್ನೂ ನೀರಿದೆಯೇ ಎಂದು ಕೇಳಿಕೊಂಡರೆ ಸಾಕು. 1979ರಲ್ಲಿ ಜಾನ್ ಕಬಟ್-ಜಿನ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗೆ ಕಲಿಸತೊಡಗಿದ ಮೈಂಡ್‌ಫುಲ್‌ನೆಸ್ಸಿನ ತಿರುಳೂ ಇದೇ: ಈ ಗಳಿಗೆಯಲ್ಲಿ ಮೈಯಲ್ಲಿ, ಮನಸ್ಸಿನಲ್ಲಿ ಆಗುತ್ತಿರುವುದನ್ನು ತೀರ್ಪು ಕೊಡದೆ ಗಮನಿಸುವುದು. ಬೌದ್ಧರ ಧ್ಯಾನದಿಂದ ಹೋದ ಈ ವಿದ್ಯೆ ಬೆಂಗಳೂರಿನಲ್ಲಿ ಇಂಗ್ಲಿಷ್ ಹೆಸರು ಹೊತ್ತು ಇಳಿದು, ರೈಲಿನಲ್ಲಿ ಎರಡು ಮೂರು ಗಂಟೆ ದೂರದ ತಿಪಟೂರಿಗೆ ಬರುವಾಗ ಪರದೇಶದ ಸರಕಿನಂತೆ ಕಾಣುತ್ತದೆ. ಹೀಗೆ ಗಮನಿಸಿದ್ದಕ್ಕೆ ಒಂದು ಹೆಸರಿಡುವುದೂ ನೆರವಾಗುತ್ತದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಮಾಡಿದ ಮಿದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಸಿಟ್ಟು ಭಯಗಳ ಮುಖಚಿತ್ರ ನೋಡಿದವರು ಆ ಭಾವವನ್ನು ಹೆಸರಿಟ್ಟು ಗುರುತಿಸಿದಾಗ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿದ್ದು ಕಂಡಿತು. 'ಇದು ಸಾರಿನ ಉಪ್ಪಲ್ಲ, 200 ರೂಪಾಯಿಯ ಬೇಜಾರು' ಎಂದು ಮನಸ್ಸಿನಲ್ಲೇ ಹೆಸರಿಟ್ಟರೆ ಸಾರು ಅರ್ಧದಷ್ಟು ರುಚಿಯಾಗುತ್ತದೆ.

ಇದಕ್ಕೆ ರೇಟಪ್ಪನ ಪರವಾಗಿ ಊರೇ ಒಂದು ಆಕ್ಷೇಪ ಎತ್ತುತ್ತದೆ: 'ಅವನು ಬಾಯಿ ಜೋರು, ಮನಸ್ಸು ಹಾಲು. ಒಳಗೆ ಇಟ್ಕೊಂಡ್ರೆ ಬಿಪಿ ಬರುತ್ತೆ, ಹೊರಗೆ ಹಾಕಿದ್ರೆ ಹಗುರ.' ಹಗುರವಾಗುವುದು ಯಾರಿಗೆ ಎಂದು ಮನೆಯವರನ್ನು ಕೇಳಿದವರಿಲ್ಲ. ಅವನಿಗಾದರೂ ಹಗುರವಾಗುತ್ತದೆಯೇ ಎಂದರೆ, ಅದೂ ಅನುಮಾನ. ಬ್ರಾಡ್ ಬುಶ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇಕೆಂದೇ ಸಿಟ್ಟಿಗೆಬ್ಬಿಸಿದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಸಿಟ್ಟು ಬರಿಸಿದ ವ್ಯಕ್ತಿಯನ್ನೇ ನೆನೆಯುತ್ತ ಮರಳುಚೀಲವನ್ನು ಗುದ್ದಲು ಬಿಟ್ಟರು, ಕೆಲವರನ್ನು ಸುಮ್ಮನೆ ಕೂರಿಸಿದರು. ಗುದ್ದಿದವರ ಸಿಟ್ಟು ಇಳಿಯಬೇಕಿತ್ತು. ಅವರೇ ಹೆಚ್ಚು ಸಿಟ್ಟಿನಲ್ಲಿದ್ದರು. ಸುಮ್ಮನೆ ಕೂತವರು ಅವರಿಗಿಂತ ಶಾಂತವಾಗಿದ್ದರು. ಕೂಗಾಟ ಸಿಟ್ಟಿಗೆ ಗೊಬ್ಬರ ಹಾಕಿದ ಹಾಗಾಗುತ್ತದೆಂಬುದು ರೇಟಪ್ಪನ ಮನೆಯಲ್ಲೂ ತಿಳಿದ ಸಂಗತಿ: ಉಪ್ಪಿನಿಂದ ಶುರುವಾದದ್ದು ಅತ್ತೆ ಮನೆಯವರ ಮೇಲೆ ಹೋಗಿ, ಅಲ್ಲಿಂದ ಹಳೆಯ ಮದುವೆಯ ಬಾಬ್ತಿಗೆ ಇಳಿದು, ಕೊನೆಗೆ ಉಪ್ಪು ಯಾರಿಗೂ ನೆನಪಿರುವುದಿಲ್ಲ. ಕೋಪದ ಬಗ್ಗೆ ಬಸವಣ್ಣನವರು ಹೇಳಿದ್ದು ರೇಟಪ್ಪನಿಗೆ ಬಾಯಿಪಾಠ. ಸಭೆಗಳಲ್ಲಿ ಹೇಳುತ್ತಾನೆ ಕೂಡ. ಮೈಕು ಕೈಕೊಟ್ಟರೆ ಮಾತ್ರ ವಚನವನ್ನು ಅರ್ಧಕ್ಕೆ ಬಿಟ್ಟು ಮೈಕಿನ ಹುಡುಗನ ಮೇಲೆ ಏರಿ ಹೋಗುತ್ತಾನೆ.

ಎರಡನೆಯ ಆಕ್ಷೇಪ ಗಂಭೀರವಾದದ್ದು, ಅದನ್ನು ನಗೆಯಲ್ಲಿ ತೇಲಿಸಿ ಬಿಡುವಂತಿಲ್ಲ. ರೈತನಿಗೆ ಶಾಂತಿ ಬೋಧಿಸುವುದು ವ್ಯಾಪಾರಿಗೂ ಸರ್ಕಾರಕ್ಕೂ ಅನುಕೂಲವಲ್ಲವೇ? ಬೆಲೆ ಬಿದ್ದಾಗ ಉಸಿರು ಎಣಿಸುತ್ತ ಕೂತಿದ್ದರೆ ಏನು ಸಿಗುತ್ತಿತ್ತು? ಮಾತು ಸರಿ. ಕೊಬ್ಬರಿ ಬೆಲೆ ಕುಸಿದ ಆ ದಿನಗಳಲ್ಲಿ ತಿಪಟೂರಿನಲ್ಲಿ ರೈತರು ಧರಣಿ ಕೂತರು. 2024ರಲ್ಲಿ ಬೆಂಬಲ ಬೆಲೆ 12,000ಕ್ಕೆ ಏರಿತು, ಅದರ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಬೆಂಬಲ ಬೆಲೆಯ ನಾಫೆಡ್ ಖರೀದಿಯ ನೋಂದಣಿಯಲ್ಲಿ ಅಕ್ರಮದ ದೂರು ಎದ್ದಾಗ ಹೆಸರು ಬರೆಸುವ ಕೆಲಸವೇ ಮತ್ತೆ ಮೊದಲಿನಿಂದ ಆಗಬೇಕಾಯಿತು. ಇವೆಲ್ಲದರ ಹಿಂದೆ ಸಿಟ್ಟಿತ್ತು. ಆದರೆ ಆ ಸಿಟ್ಟಿನ ಲಕ್ಷಣ ನೋಡಿ: ಅದಕ್ಕೆ ಕಾರಣ ಗೊತ್ತಿತ್ತು, ಕೇಳಬೇಕಾದ ಅಂಕಿ ಗೊತ್ತಿತ್ತು, ಯಾರನ್ನು ಕೇಳಬೇಕೆಂಬುದು ಗೊತ್ತಿತ್ತು, ನಾಳೆಯೂ ಬಂದು ಕೂರುವ ತಾಳ್ಮೆಯಿತ್ತು. ಅದು ಅಟ್ಟದಲ್ಲಿ ಇಟ್ಟು ಹದ ಮಾಡಿದ ಸಿಟ್ಟು. ರೇಟಪ್ಪನೋ, ಟೆಂಡರಿನ ಸಿಟ್ಟನ್ನು ಸಾರಿನ ಮೇಲೆ, ಸಾರಿನ ಸಿಟ್ಟನ್ನು ಮಗನ ಮೇಲೆ ಚಿಲ್ಲರೆಯಾಗಿ ಖರ್ಚು ಮಾಡಿ ಮುಗಿಸಿ, ಧರಣಿಗೆ ಕರೆದ ದಿನ 'ಸುಮ್ಕಿರ್ರೋ, ಯಾವ್ ಸರ್ಕಾರ ಬಂದ್ರೂ ಇಷ್ಟೇ' ಎಂದು ಮಗ್ಗುಲು ಬದಲಿಸುತ್ತಾನೆ. ಸಿಟ್ಟನ್ನು ಗಮನಿಸುವ ಅಭ್ಯಾಸ ಅವನನ್ನು ಸಾಧುವಾಗಿಸುತ್ತದೆಂಬ ಹೆದರಿಕೆ ಬೇಡ. ದುಂದು ನಿಂತರೆ ಕೂಡಿಟ್ಟದ್ದು ಬೇಕಾದ ದಿನ ಕೈಗೆ ಸಿಗುತ್ತದೆ.

ಮೂರನೆಯದು ಪುರುಸೊತ್ತಿನ ಮಾತು: 'ಕಣ್ ಮುಚ್ಕೊಂಡ್ ಕೂತ್ರೆ ಸ್ಟಾರ್ಟರ್ ಒತ್ತೋರ್ಯಾರು? ರಾತ್ರಿ ಕರೆಂಟ್ ಕೊಟ್ಟಾಗ ನೀರ್ ಹಾಯಿಸೋರ್ಯಾರು?' ಯಾರೂ ಕಣ್ಣು ಮುಚ್ಚಬೇಕಿಲ್ಲ, ಯಾವ ಶಿಬಿರಕ್ಕೂ ಹಣ ಕಟ್ಟಬೇಕಿಲ್ಲ. ರೇಟಪ್ಪನ ಮನೆಯ ಗೋಡೆಯ ಕ್ಯಾಲೆಂಡರನ್ನು ನೋಡಿದರೆ ಸಾಕು. ಯಾವ ದಿನ ಕಾಯಿ ಕಿತ್ತದ್ದು, ಎಷ್ಟು ಕಾಯಿ, ಯಾರಿಗೆ ಎಷ್ಟು ಕೂಲಿ, ಹಸು ಯಾವಾಗ ಕಟ್ಟಿದ್ದು, ಅಂದಿನ ಕೊಬ್ಬರಿ ದರ, ಎಲ್ಲ ಸಣ್ಣಕ್ಷರದಲ್ಲಿ ತುಂಬಿರುತ್ತದೆ. ಅದೇ ಚೌಕದಲ್ಲಿ ರಾತ್ರಿ ಮಲಗುವ ಮುಂಚೆ ಇನ್ನೊಂದು ಸಾಲಿಗೆ ಜಾಗವಿದೆ: ಇವತ್ತು ಕೂಗಿದ್ದು ಯಾರ ಮೇಲೆ, ಹೇಳಿದ ಕಾರಣ ಏನು, ನಿಜವಾದ ಕಾರಣ ಏನು. ಲೆಕ್ಕದ ಮನುಷ್ಯನಾದ್ದರಿಂದ ಒಂದು ತಿಂಗಳಲ್ಲೇ ಅವನಿಗೆ ಎರಡು ಸಂಗತಿ ಹೊಳೆಯದೆ ಇರುವುದಿಲ್ಲ. ಒಂದು, ಹೇಳಿದ ಕಾರಣ ದಿನಕ್ಕೊಂದು, ನಿಜವಾದ ಕಾರಣ ಎರಡೋ ಮೂರೋ: ಸಾಲ, ಮಗ ತೋಟ ನೋಡಿಕೊಳ್ಳಲು ಬರುವುದಿಲ್ಲವೆಂಬ ಅಳುಕು, ತನ್ನ ಮಾತು ಮೊದಲಿನಂತೆ ನಡೆಯುತ್ತಿಲ್ಲವೆಂಬ ಸಂಶಯ. ಇನ್ನೊಂದು, ಈ ಮೂರರಲ್ಲಿ ಯಾವುದೂ ಉಪ್ಪು ಕಡಿಮೆ ಹಾಕಿದರೆ ಬಗೆಹರಿಯುವಂಥದಲ್ಲ. ಆತ್ಮಾವಲೋಕನ ಎಂದು ಪ್ರವಚನಗಳಲ್ಲಿ ದೊಡ್ಡ ದನಿಯಲ್ಲಿ ಹೇಳುವುದು ಹೆಚ್ಚುಕಡಿಮೆ ಇಂಥ ಜಮಾಖರ್ಚೇ. ತಪ್ಪಿತಸ್ಥನೆಂದು ತನ್ನನ್ನು ತಾನೇ ಬೈದುಕೊಳ್ಳುವ ಅಗತ್ಯವೂ ಇಲ್ಲ; ಹಾಗೆ ಬೈದುಕೊಂಡರೆ ಬೈಗುಳದ ವಿಳಾಸ ಬದಲಾಗುತ್ತದೆ ಅಷ್ಟೆ.

ಈ ಸಾಧನೆ ಒಂದೇ ಸಲಕ್ಕೆ ಕೈಗೂಡುತ್ತದೆಂದು ಹೇಳಿದರೆ ಅದು ರೇಟಪ್ಪನಿಗೂ ಓದುಗರಿಗೂ ಮಾಡುವ ಮೋಸ. ಮೂವತ್ತು ವರ್ಷ ಏರಿ ಅಭ್ಯಾಸವಾದ ದನಿ ಮೂರು ದಿನಕ್ಕೆ ಇಳಿಯದು. ಮೊದಲ ವಾರದಲ್ಲಿ ಆಗುವುದು ಇಷ್ಟೇ: ಮಗ ಸ್ವಲ್ಪ ಅನುಮಾನದಿಂದ ನೋಡಿದರೆ ಸಾಕು, ರೇಟಪ್ಪ ತಟ್ಟೆ ಕುಟ್ಟಿ, 'ನಾನೀಗ ಸಿಟ್ ಮಾಡ್ಕೊಳ್ಳಾದ್ ಬಿಟ್ಟಿದೀನಿ ಕಣ್ಲಾ!' ಎಂದು ಬೀದಿಗೆ ಕೇಳುವಂತೆ ಕೂಗುತ್ತಾನೆ. ಆ ಹೊತ್ತಿನಲ್ಲಿ ಮನೆಯವರು ನಗದೆ ಇರುವುದೇ ಈ ಚಿಕಿತ್ಸೆಯ ಕಷ್ಟದ ಭಾಗ. ಆದರೆ ಅಂದು ರಾತ್ರಿ ಕ್ಯಾಲೆಂಡರಿನ ಚೌಕದಲ್ಲಿ 'ಮಗನ ಮೇಲೆ. ಸಿಟ್ಟು ಬಿಟ್ಟಿದ್ದಕ್ಕೆ' ಎಂದು ಅವನೇ ಬರೆದುಕೊಂಡನೆಂದರೆ, ತನ್ನ ಕೂಗು ತನ್ನ ಕಿವಿಗೂ ಬಿತ್ತೆಂದು ಲೆಕ್ಕ. ಆ ವಾರದ ಟೆಂಡರಿನಲ್ಲಿ ದರ ಏನೇ ಆಗಲಿ, ಮನೆಯವರು ಅದನ್ನು ಲಾಭದ ಕಡೆ ಬರೆದುಕೊಳ್ಳಬಹುದು.