ಕೋಶವರ್ಣಮೀಮಾಂಸೆ: ಒಂದು ಸಮಗ್ರ ಪರಿಪ್ರೇಕ್ಷ್ಯ

ಎಕ್ಸೆಲ್ ಹಾಳೆಯ ಚೌಕಕ್ಕೆ, ಅದರೊಳಗಿನ ಸಂಖ್ಯೆಯ ಯೋಗ್ಯತೆ ನೋಡಿ ತಾನಾಗಿ ಬಣ್ಣ ಏರುವುದನ್ನು ಲೋಕ ಕಂಡಿಶನಲ್ ಫಾರ್ಮ್ಯಾಟಿಂಗ್ ಎನ್ನುತ್ತದೆ. ಲೋಕಕ್ಕೆ ಅಷ್ಟೇ ಗೊತ್ತು. ಪ್ರಸ್ತುತ ಪ್ರಬಂಧವು ಇದನ್ನು ‘ಸೋಪಾಧಿಕ ಕೋಶವರ್ಣಾರೋಪಣ’ ಎಂದು ನಾಮಕರಣ ಮಾಡಿ, ಅದರ ತಾತ್ತ್ವಿಕ, ಸಾಂಸ್ಥಿಕ ಹಾಗೂ ಬಹು-ಆಯಾಮಿ ನೆಲೆಗಳನ್ನು ಶೋಧಿಸಹೊರಟಿದೆ.

ಮೊದಲಿಗೆ ಕಾಲನಿರ್ಣಯ. ಎಕ್ಸೆಲ್ 97ರಿಂದ 2003ರವರೆಗಿನದು ತ್ರಿನಿಯಮ ಯುಗ. ಒಂದು ಚೌಕಕ್ಕೆ ಮೂರೇ ಷರತ್ತು; ಪೂರ್ವಸೂರಿಗಳು ಅಷ್ಟರಲ್ಲೇ ಸಂಸಾರ ತೂಗಿಸಿದರು. 2007ರಲ್ಲಿ ಆ ಕಟ್ಟಳೆ ಹೋಗಿ ಬಾಣ, ಪಟ್ಟಿ, ಟ್ರಾಫಿಕ್ ದೀಪಗಳೆಲ್ಲ ಒಳನುಗ್ಗಿದವು. ಇದನ್ನು ನವ್ಯೋತ್ತರ ಯುಗವೆಂದು ಕರೆದರೆ ಯಾರೂ ಬೇಡವೆನ್ನಲಾರರು.

ಕೋಶಗಳು ಚತುರ್ವಿಧ. ರಕ್ತಕೋಶ: ತಿಳಿಗೆಂಪು ನೆಲ, ಕಡುಗೆಂಪು ಅಕ್ಷರ, ಅಧಿಕಾರಿಯ ಗಂಟುಹುಬ್ಬು. ಹರಿತಕೋಶ: ಈ ಹಂತದಲ್ಲಿ ಚಹಾ ಬರುತ್ತದೆ. ಪೀತಕೋಶ: ಏನನ್ನೂ ತೀರ್ಮಾನಿಸದ್ದು, ಆದ್ದರಿಂದ ಸಭೆಗಳಿಗೆ ಪರಮಪ್ರಿಯ. ನಾಲ್ಕನೆಯದು... ಇರಲಿ ಬಿಡಿ. ಕೆಂಪು-ಹಸಿರಿನ ವ್ಯತ್ಯಾಸವೇ ತಿಳಿಯದ ಕಣ್ಣುಗಳೂ ಇವೆಯೆಂಬ ಸುದ್ದಿ ಈ ಶಾಸ್ತ್ರಕಾರರಿಗೆ ಇನ್ನೂ ಮುಟ್ಟಿಲ್ಲ.

ಇನ್ನು ಪ್ರಮಾಣವಿಚಾರ. ಪ್ರಗತಿ ಪರಿಶೀಲನಾ ಸಭೆಯೊಂದರಲ್ಲಿ ಶಾಲೆಯ ಅಂಕಪಟ್ಟಿ ಪರದೆಗೇರಿತು. 35ಕ್ಕಿಂತ ಕಡಿಮೆಯಾದರೆ ಕೆಂಪು, 90 ದಾಟಿದರೆ ಹಸಿರು. ಪತ್ರಿಕೆ ತಿದ್ದಿ ಮುಗಿದಿಲ್ಲವೆಂದು ಮೇಷ್ಟ್ರು ಖಾಲಿ ಬಿಟ್ಟಿದ್ದ ಚೌಕಗಳು ಕೆಂಪಾಗಿದ್ದವು. ಅಂಥ ನಿಯಮದಲ್ಲಿ ಎಕ್ಸೆಲ್‌ಗೆ ಖಾಲಿಯೆಂದರೆ ಸೊನ್ನೆ. ಪರೀಕ್ಷೆಗೇ ಬಾರದ ಹುಡುಗಿಯ ಹೆಸರಿನ ಮುಂದೆ ‘ಗೈರು’ ಎಂದು ಬರೆದಿತ್ತು. ಅದು ಹಸಿರಾಗಿತ್ತು! ಹೋಲಿಕೆಗೆ ಕೂತರೆ ಅಕ್ಷರವು ಎಂಥ ಸಂಖ್ಯೆಗಿಂತಲೂ ದೊಡ್ಡದೆಂಬುದು ಎಕ್ಸೆಲ್‌ನ ಸಿದ್ಧಾಂತ. ಹೀಗೆ ಗೈರಾದವಳು ತರಗತಿಗೇ ಮೊದಲು ಬಂದವಳ ಸರಿಸಮಕ್ಕೆ ಹೊಳೆಯುತ್ತಿದ್ದಳು. ದೊಡ್ಡವರು ತಲೆದೂಗಿದರು. ಹಸಿರನ್ನು ಯಾರು ಪ್ರಶ್ನಿಸುತ್ತಾರೆ?

ಇದನ್ನು ಯಾವ ಮೀಮಾಂಸೆಗೆ ಸೇರಿಸಲಿ? ಪಾಠ ಮಾಡುವವರನ್ನು ಚೌಕ ತುಂಬಲು ಕೂರಿಸಿ, ತುಂಬಿದ್ದನ್ನು ಓದದೆ ಬಣ್ಣ ನೋಡಿಯೇ ಬೈದು, ‘ಮುಂದಿನ ತಿಂಗಳು ಕೆಂಪು ಕಾಣಬಾರದು’ ಎಂದು ಅಪ್ಪಣೆ ಕೊಡುವ ಜಾಣರಿಗೆ ಏನು ಹೇಳುವುದು? ಕೆಂಪು ಹೋಗಲು ಮಗು ಓದಬೇಕಾಗಿಲ್ಲ ಸ್ವಾಮಿ, ನಿಯಮದಲ್ಲಿ 35 ಇದ್ದಲ್ಲಿ 15 ಎಂದು ತಿದ್ದಿದರಾಯಿತು. ಆ ಹುಡುಗಿ ಯಾಕೆ ಬರಲಿಲ್ಲ? ಮನೆಯವರು ಗುಳೆ ಹೋದರೋ, ತಮ್ಮನನ್ನು ನೋಡಿಕೊಳ್ಳಲು ಉಳಿದಳೋ, ಮದುವೆಯನ್ನೇ ಮಾಡಿಬಿಟ್ಟರೋ? ಅಷ್ಟಗಲದ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಸಭೆಯಲ್ಲಿ ಯಾರೂ ಕೇಳಲೂ ಇಲ್ಲ.

ಹಾಳೆ ತಯಾರಿಸುವವರಲ್ಲಿ ಒಂದು ವಿನಂತಿ. ಖಾಲಿ ಚೌಕಕ್ಕೊಂದು, ಅಕ್ಷರವಿರುವ ಚೌಕಕ್ಕೊಂದು ಬಣ್ಣವಿಲ್ಲದ ನಿಯಮ ಬರೆದು ಉಳಿದೆಲ್ಲ ನಿಯಮಗಳ ಮೇಲಿಡಿ. ‘ಸ್ಟಾಪ್ ಇಫ್ ಟ್ರೂ’ ಎಂಬಲ್ಲಿ ಟಿಕ್ ಹಾಕಿ. ಹೆಚ್ಚು ಹೊತ್ತಿನ ಕೆಲಸವಲ್ಲ. ಆಮೇಲೆ ‘ಗೈರು’ ಎಂದು ಬಣ್ಣ ಹತ್ತದೆ ಉಳಿದ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಸಭೆಗೆ ಮುಂಚೆ ಆ ಮನೆಗಳಿಗೊಮ್ಮೆ ಹೋಗಿಬನ್ನಿ.