ಬೋಲ್ಟಿನ ಜೊತೆ ಜಿದ್ದು ಬೇಡ ತಮ್ಮಾ

ಆ ಸುತ್ತಿಗೇನ ಒಂದು ಗಳಿಗೆ ಕೆಳಗಿಡು ತಮ್ಮಾ. ಬೆಳಿಗ್ಗೆಯಿಂದ ಠಣ್ ಠಣ್ ಅಂತ ಕೇಳ್ತಾನೇ ಇದೆ, ಬೇಲಿ ಹತ್ತಿರ ಬಂದು ಮಾತಾಡೋಣ ಅನ್ನಿಸ್ತು. ನಿಮ್ಮಪ್ಪನ ಯೆಜ್ಡಿ ಬೈಕ್ ಬಿಚ್ಚಿ ಹೊಸ ರೂಪ ಕೊಡಬೇಕು ಅನ್ನೋ ಆಸೆ ಬಹಳ ಒಳ್ಳೇದು. ನಮ್ಮ ಮೈಸೂರಿನಲ್ಲೇ ಹುಟ್ಟಿದ ಗಾಡಿ ಅದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕ್ತು. ಕಾರ್ಖಾನೆಯಿಂದ ಬಂದಾಗಿನ ಬೋಲ್ಟುಗಳೇ ಇನ್ನೂ ಇದ್ರೆ ಅವುಗಳ ವಯಸ್ಸು ಎಷ್ಟಾಯ್ತು ಅಂತ ನೀನೇ ಲೆಕ್ಕ ಹಾಕು.

ಅದೂ ಎಲ್ಲಿ ಓಡಿದ ಗಾಡಿ? ನಮ್ಮ ಬೈಲಕುಪ್ಪೆ ಕಡೆ. ಜೂನ್ ಬಂತು ಅಂದ್ರೆ ಕೊಡಗಿನ ಕಡೆಯಿಂದ ಮಳೆ ಹೊಡೀತದೆ. ಹೊಗೆಸೊಪ್ಪಿನ ಹೊಲಕ್ಕೆ ಗೊಬ್ಬರದ ಮೂಟೆ ಹೋಗಿದ್ದೂ ಅದರ ಕ್ಯಾರಿಯರ್ ಮೇಲೇ. ಗೊಬ್ಬರದ ಪುಡಿ ಉದುರಿ, ನೀರು ಸೇರಿ, ಕ್ಯಾರಿಯರ್ ಬೋಲ್ಟಿನ ಬುಡದಲ್ಲಿ ನಿಂತ್ರೆ ಕಬ್ಬಿಣ ಉಳಿಯುತ್ತಾ? ಬೋಲ್ಟು ಯಾಕೆ ಹಿಡ್ಕೊಂಡಿದೆ ಅಂತ ಮೊದಲು ತಿಳ್ಕೋಬೇಕು ಕಣಪ್ಪ, ಬಿಚ್ಚೋ ಮಾತು ಆಮೇಲೆ.

ಕಬ್ಬಿಣ ತುಕ್ಕಾದ್ರೆ ಮೊದಲಿದ್ದ ಎರಡರಷ್ಟಕ್ಕಿಂತ ಹೆಚ್ಚು ಜಾಗ ಬೇಕು ಅದಕ್ಕೆ. ಥ್ರೆಡ್ಡಿನ ಸಂದೀಲಿ ಅಷ್ಟು ಜಾಗ ಎಲ್ಲಿದೆ? ಊದಿಕೊಂಡು ಬೆಣೆ ಹೊಡೆದ ಹಾಗೆ ಕೂತುಬಿಡ್ತದೆ. ಇಂಜಿನ್ ಕವರಿನದು ಬೇರೆ ಕಥೆ. ಕವರ್ ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ಎರಡು ಲೋಹದ ನಡುವೆ ನೀರು ಹೋದ್ರೆ ಅಲ್ಯೂಮಿನಿಯಂ ಸವೆದು ಬಿಳೀ ಪುಡಿ ಆಗ್ತದೆ. ಆ ಪುಡಿಯೇ ಸ್ಕ್ರೂನ ಕಚ್ಚಿ ಹಿಡಿಯೋದು. ಎರಡಕ್ಕೂ ತೋಳಿನ ಬಲ ಉತ್ತರ ಅಲ್ಲ.

ಸೀಮೆಎಣ್ಣೆ ಬಿಟ್ಟೆ ಅಣ್ಣಾ, ಏನೂ ಆಗಲಿಲ್ಲ ಅಂತೀಯ. ಎಷ್ಟು ಹೊತ್ತು ಬಿಟ್ಟೆ? ಮೊದಲು ತಂತಿ ಬ್ರಶ್ಶಲ್ಲಿ ಥ್ರೆಡ್ಡು ಕಾಣೋ ಹಾಗೆ ಉಜ್ಜು. ಕೆಸರು, ಗ್ರೀಸು ಕೂತಿರೋ ಕಡೆ ಎಣ್ಣೆ ಒಳಗೆ ಇಳಿಯಲ್ಲ. ಡಬ್ಲ್ಯುಡಿ-40 ಸ್ಪ್ರೇ ತರ್ತೀನಿ ಅಂದ್ರೆ, ಅದು ಮೂಲದಲ್ಲಿ ನೀರು ಓಡಿಸೋಕೆ ಮಾಡಿದ್ದು. ಜಾಮ್ ಬಿಡಿಸೋಕೆ ಅಂತಲೇ ಪೆನಿಟ್ರೇಟಿಂಗ್ ಆಯಿಲ್ ಬೇರೆ ಸಿಗ್ತದೆ. ಅದನ್ನ ಸಂಜೆ ಬಿಡು, ಮಲಗೋ ಮುಂಚೆ ಇನ್ನೊಂದು ಸಲ ಬಿಡು, ಬೆಳಿಗ್ಗೆ ಕೈ ಹಾಕು. ಬೋಲ್ಟಿನ ತಲೆ ಮೇಲೆ ನೇರವಾಗಿ ನಾಲ್ಕು ಹದವಾದ ಏಟು ಕೊಡು. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿ ಆಗ್ತದೆ. ಆಮೇಲೆ ಸರಿಯಾದ ನಂಬರಿನ ರಿಂಗ್ ಸ್ಪ್ಯಾನರ್ ಹಾಕಿ, ಬಿಗಿ ಮಾಡೋ ಕಡೆಗೇ ಮೊದಲು ಒಂಚೂರು ಒತ್ತು, ಆಮೇಲೆ ಸಡಿಲ ಮಾಡೋ ಕಡೆಗೆ. ಕಾಲು ಸುತ್ತು ಬಂದ್ರೆ ಅದರಲ್ಲಿ ಅರ್ಧ ವಾಪಸ್ ಹೋಗು, ಎಣ್ಣೆ ಬಿಡು, ಮತ್ತೆ ಬಾ. ಸ್ಕ್ರೂ ಸ್ಪ್ಯಾನರ್ ಮಾತ್ರ ಹತ್ತಿರ ತರಬೇಡ, ಬೋಲ್ಟಿನ ತಲೆ ಮೊಂಡಾಗೋದು ಅದರಿಂದಲೇ.

ಕ್ಲಚ್ ಕವರಿನ ಸ್ಕ್ರೂ ನೋಡು, ತಲೆ ಮೇಲೆ ಒಂದೇ ಗೀರು. ಸಣ್ಣ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ರೆ ಗೀರಿನ ಅಂಚು ಉದುರಿಹೋಗ್ತದೆ. ಅಲ್ಲಿಗೆ ಇಂಪ್ಯಾಕ್ಟ್ ಡ್ರೈವರ್ ಬೇಕು. ಹಿಂದೆ ಸುತ್ತಿಗೇಲಿ ಹೊಡೆದ್ರೆ ಅದು ಬಿಟ್ಟನ್ನ ಗೀರಿನೊಳಗೆ ಒತ್ತುತ್ತಲೇ ಒಂದಿಷ್ಟು ತಿರುಗಿಸ್ತದೆ. ಹಾಗಾಗಿ ಜಾರಲ್ಲ. ಬಿಟ್ಟು ಗೀರಿನ ತುಂಬ ಕೂರಬೇಕು, ಅಷ್ಟೇ.

ಬೆಂಡ್ ಪೈಪಿನ ದುಂಡು ನಟ್ಟಿಗೆ ಉಳಿ ಇಟ್ಟು ಹೊಡೆಯೋರನ್ನ ಕಂಡ್ರೆ ನನಗೆ ಸಂಕಟ ಆಗ್ತದೆ. ಕಚ್ಚು ಮುರಿದು ಹೋಗ್ತದೆ. ಅದಕ್ಕೆ ಸಿ ಸ್ಪ್ಯಾನರ್ ಇದೆ, ಜೊತೆಗೆ ಕಾವು ಕೊಡಬೇಕು. ಕಾವಿನ ಲೆಕ್ಕ ಹೇಳ್ತೀನಿ ಕೇಳು. 100 ಮಿಲಿಮೀಟರ್ ಅಲ್ಯೂಮಿನಿಯಂ 100 ಡಿಗ್ರಿ ಹೆಚ್ಚು ಕಾದ್ರೆ ಸುಮಾರು 0.23 ಮಿಲಿಮೀಟರ್ ಹಿಗ್ಗುತ್ತೆ, ಉಕ್ಕು 0.12. ಅದಕ್ಕೇ ಕವರಿನ ಕಡೆ ಸ್ಕ್ರೂನಲ್ಲ, ಸುತ್ತಲಿನ ಅಲ್ಯೂಮಿನಿಯಮ್ಮನ್ನ ಕಾಯಿಸೋದು. ಆದರೆ ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡಲ್ಲ, 660 ಡಿಗ್ರೀಲಿ ಸುಮ್ಮನೆ ಕರಗಿಬಿಡ್ತದೆ. ಟಾರ್ಚ್ ಒಂದೇ ಕಡೆ ನಿಲ್ಲಿಸಬೇಡ. ಟ್ಯಾಂಕ್, ಕಾರ್ಬುರೇಟರ್ ಬಿಚ್ಚಿ ದೂರ ಇಡು, ಬಿಟ್ಟ ಎಣ್ಣೆ ಒರೆಸು, ಆಮೇಲೆ ಬೆಂಕಿ.

ಇಷ್ಟಾದ್ರೂ ಬೋಲ್ಟು ತುಂಡಾದ್ರೆ ಗಾಬರಿ ಬೇಡ. ಮೇಲೆ ಚೂರು ಉಳಿದಿದ್ರೆ ಅದರ ಮೇಲೆ ಒಂದು ನಟ್ಟು ವೆಲ್ಡ್ ಮಾಡಿಸು. ತಿರುಗಿಸೋಕೆ ಹೊಸ ತಲೆಯೂ ಸಿಗ್ತದೆ, ವೆಲ್ಡಿಂಗ್ ಕಾವಿಗೆ ತುಕ್ಕೂ ಬಿಡ್ತದೆ. ಒಳಗೇ ಮುರಿದಿದ್ರೆ ನಡುಮಧ್ಯೆ ಪಂಚ್ ಹೊಡೆದು ಡ್ರಿಲ್ ಮಾಡಿ, ಆ ತೂತಿಗೆ ಎಕ್ಸ್‌ಟ್ರಾಕ್ಟರ್ ಹಾಕಿ ಬೋಲ್ಟನ್ನ ಹೊರಗೆ ತಿರುಗಿಸಬೇಕು. ಆ ಕೆಲಸ ಅನುಭವ ಇರೋರ ಕೈಗೆ ಕೊಡು. ಎಕ್ಸ್‌ಟ್ರಾಕ್ಟರ್ ಒಳಗೆ ಮುರಿದ್ರೆ ಅದು ಡ್ರಿಲ್ ಬಿಟ್ಟಿಗೂ ಬಗ್ಗಲ್ಲ.

ಇನ್ನೊಂದು ಮಾತು. ಸೈಲೆನ್ಸರ್ ತೆಗೆದು ಸದ್ದಿನ ಪೈಪ್ ಮಾತ್ರ ಹಾಕಬೇಡಪ್ಪ. ಸೆರಾ, ನಾಮ್‌ಡ್ರೋಲಿಂಗ್ ಮಠಗಳಲ್ಲಿ ಹುಡುಗರು ಕೂತು ಓದೋ ಊರು ಇದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಮನಸ್ಸಿಗೆ ಬಂದ ಹಾಗೆ ಗಾಡಿ ಬದಲಿಸೋಕೆ ಬಿಡಲ್ಲ. ಹ್ಯಾಂಡಲ್ಲು, ಸೀಟು ಚೆನ್ನಾಗಿ ಮಾಡ್ಕೋ, ಆರ್‌ಟಿಓ ಆಫೀಸಲ್ಲಿ ಮೊದಲೇ ಕೇಳ್ಕೊಂಡು ಮಾಡು.

ವಾಪಸ್ ಜೋಡಿಸೋವಾಗ ಥ್ರೆಡ್ಡು ಬ್ರಶ್ಶಲ್ಲಿ ಶುದ್ಧ ಮಾಡು. ಕವರಿನ ಸ್ಕ್ರೂಗೆ ತೆಳ್ಳಗೆ ಗ್ರೀಸ್, ಸೈಲೆನ್ಸರಿನಂಥ ಬಿಸಿ ಜಾಗಕ್ಕೆ ಬೋಲ್ಟು ಕಚ್ಚದ ಹಾಗೆ ತಡೆಯೋ ಆಂಟಿಸೀಜ್ ಪೇಸ್ಟ್ ಸವರು. ಹಾಗೆ ಸವರಿದ ಮೇಲೆ ಕೈ ಸ್ವಲ್ಪ ಹಗುರ ಇರಲಿ, ಅದೇ ಬಲಕ್ಕೆ ಬೋಲ್ಟು ಇನ್ನೂ ಬಿಗಿಯಾಗ್ತದೆ. ನಿಂಗೆ ಈ ಕಷ್ಟ ಬಂದಿದ್ದು ಹಿಂದೆ ಬಿಚ್ಚಿದೋರು ಒಣ ಬೋಲ್ಟು ಹಾಕಿ ಬಿಗಿದು ಹೋಗಿದ್ದಕ್ಕೆ. ಮುಂದೆ ಈ ಗಾಡಿಗೆ ಸ್ಪ್ಯಾನರ್ ಹಾಕೋನು ಯಾರೇ ಆಗಿರಲಿ, ನಿನ್ನ ಮಗನೇ ಆಗಿರಲಿ, ಅವನಿಗೆ ಆ ಕಷ್ಟ ಬಾರದ ಹಾಗೆ ಜೋಡಿಸು. ಗಾಡಿ ಕೆಲಸ ಕಲಿತೋನು ಅಂತ ಅನ್ನಿಸಿಕೊಳ್ಳೋದು ಅದರಲ್ಲೇ ಇರೋದು ತಮ್ಮಾ.